ಉರ್ಸುಲಜ್ಜಿಯ ಗಂಡ

ಉರ್ಸುಲಜ್ಜಿಗೆ ಅಂದು ಜ್ವರ ಬಂದದ್ದೇ ಫಿರ್ಮಿನ್‌ನ ಫಜೀತಿಗೆ ಮೂಲ.

ಮದುವೆಯಾದವರನ್ನು ಚಕ್ರವರ್ತಿ ದಂಡಿಗೆ ಎಳೆಯುವುದಿಲ್ಲ ಎಂದು ಕಳೆದ ಶರತ್ಕಾಲದಲ್ಲಿ ಸುದ್ದಿಯಾದಾಗ, ಇಪ್ಪತ್ತರ ಈ ಹುಡುಗ ಎಪ್ಪತ್ತು ದಾಟಿದ ವಿಧವೆಯನ್ನು ಕಟ್ಟಿಕೊಂಡಿದ್ದ. ಅಜ್ಜಿ ವಿಧವೆಯಾಗಿ ಹೊದೆಯುತ್ತಿದ್ದ ತನ್ನ ಕಪ್ಪು ಶಾಲನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಫಿರ್ಮಿನ್‌ನ ಎಣಿಕೆ ಬೇರೆಯೇ ಇತ್ತು. ಯುದ್ಧ ಮುಗಿಯುವಷ್ಟರಲ್ಲಿ ಮುದುಕಿ ಕಣ್ಣು ಮುಚ್ಚುತ್ತಾಳೆ, ಆಮೇಲೆ ಗಿರಣಿಯವನ ಮಗಳು ರೋಸಿನ್ ಇದ್ದೇ ಇದ್ದಾಳೆ. ದಿನಾ ಬೆಳಿಗ್ಗೆ ಮುದುಕಿಯ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದ. ಅವಳೋ, ಅವನು ಕಡಿದು ತಂದ ಸೌದೆಯ ಬೆಂಕಿ ಕಾಯಿಸಿಕೊಂಡು ದುಂಡಗಾಗುತ್ತಿದ್ದಳು.

ಇವತ್ತು ಮಾತ್ರ ಉಸಿರು ಇರಲಪ್ಪಾ ಎಂದು ಬೇಡಿಕೊಂಡು ಬೆರಳಿಟ್ಟ. ಗುಡ್ಡದ ಮೇಲಿನ ಪುರಭವನಕ್ಕೆ ಹೊಸಬರನ್ನು ಆರಿಸಿಕೊಳ್ಳಲು ದಂಡಿನವರು ಬಂದಿದ್ದರು.

ಬ್ರೆಡ್ಡಿನ ಅಂಗಡಿಯ ಗೋದೆ ಬಾಗಿಲಲ್ಲೇ ನಿಂತು ಹೆದರಿಸಿದ. “ಮದ್ವೆ ಆಗಿದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ನಂಬಲ್ವಂತೆ ಕಣೋ. ಹೆಂಡ್ತೀನ ಜೀವಂತ ತೋರಿಸ್ಬೇಕಂತೆ. ಇವಳು ಅಷ್ಟರಲ್ಲಿ ಗೊಟಕ್ ಅಂದ್ಳೋ, ನಿನ್ನ ಕತೆ ಮುಗೀತು.”

ಗೋದೆಯ ಹೆಂಡತಿ ಆಗಲೇ ಅಜ್ಜಿಯ ಕೊನೆಯ ಪ್ರಾರ್ಥನೆಗೆಂದು ಪಾದ್ರಿಯನ್ನು ಕರೆತಂದಿದ್ದಳು. ಫಿರ್ಮಿನ್ ಪಾದ್ರಿಯನ್ನು ಹೊರಗೆ ದಬ್ಬಿ, ತನ್ನ ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೇರಿಸಿಕೊಂಡ.

“ಅಜ್ಜೀ, ನಿನ್ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸಾಯ್ಬೇಡ!”

“ಹೆಂಡ್ತೀನ ಅಜ್ಜಿ ಅಂತಾನೆ, ಕೇಳಿದ್ರಾ!” ಬೀದಿಗೆ ಬೀದಿಯೇ ನಕ್ಕಿತು.

ಹಿಮದಲ್ಲಿ ಜಾರುತ್ತ, ಏಳುತ್ತ ಗುಡ್ಡ ಹತ್ತಿದ. ಅರ್ಧ ದಾರಿಯಲ್ಲಿ ಅಜ್ಜಿ ಕಿವಿಯ ಬಳಿ ಗೊಣಗಿದಳು. “ದಿನಾ ಮೂಗು ಮುಟ್ಟಿ ನೋಡ್ತಿದ್ದೆಯಲ್ಲ, ಆಗೆಲ್ಲ ನಂಗೆ ಎಚ್ಚರ ಇರ್ತಿತ್ತು.”

ಫಿರ್ಮಿನ್ ನಾಚಿಕೆಯಿಂದ ಕುಗ್ಗಿಹೋದ. “ಮತ್ಯಾಕೆ ಸುಮ್ನಿದ್ದೆ?”

“ಈ ಚಕ್ರವರ್ತಿ ಮಹಾನುಭಾವ ಬರೀ ಜನರಲ್ ಆಗಿದ್ದಾಗ್ಲೇ ನನ್ನ ದೊಡ್ಡ ಮಗನನ್ನ ಇಟಲಿಗೆ ಕರ್ಕೊಂಡ್ಹೋದ, ಅವ್ನು ತಿರುಗಿ ಬರ್ಲಿಲ್ಲ. ಕಿರೀಟ ಇಟ್ಕೊಂಡ್ಮೇಲೆ ನಡುವಿನವನು ಸ್ಪೇನಲ್ಲಿ ಹೋದ. ಚಿಕ್ಕೋನು ರಷ್ಯಾದ ಹಿಮದಲ್ಲಿ. ನೀನೊಬ್ಬನಾದ್ರೂ ಉಳೀಲಿ ಅಂತ ಕಟ್ಕೊಂಡೆ ಕಣೋ.”

ಅವನು ಅವಳನ್ನು ಬೆನ್ನ ಮೇಲೆ ಎತ್ತಿ ಸರಿಪಡಿಸಿಕೊಂಡ. ಹೆಜ್ಜೆ ಇನ್ನೂ ಜೋರು ಮಾಡಿದ.

ಪುರಭವನದಲ್ಲಿ ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ಕೂಗಿದ. “ನೋಡಿ ಸ್ವಾಮಿ, ನನ್ ಹೆಂಡ್ತಿ! ಜೀವ ಇದೆ!”

ದಂಡಿನ ವೈದ್ಯ ಅವಳತ್ತ ತಿರುಗಿಯೂ ನೋಡಲಿಲ್ಲ. ಫಿರ್ಮಿನ್‌ನ ಸುತ್ತ ಒಂದು ಸುತ್ತು ಹಾಕಿ ಬೆನ್ನು ತಟ್ಟಿದ. “ಕೆಳಗಿಂದ ಹೊತ್ಕೊಂಡೇ ಬಂದ್ಯಾ? ಏದುಸಿರೂ ಇಲ್ವಲ್ಲೋ! ಭೇಷ್, ಇಂಥ ಬೆನ್ನೇ ನಮಗೆ ಬೇಕಾಗಿರೋದು.”

“ಆದ್ರೆ ನಂಗೆ ಮದ್ವೆ...”

“ಅದು ಹೋದ ವರ್ಷದ ಮಾತು,” ಎಂದರು ಮೇಯರ್. “ಶತ್ರು ರೈನ್ ನದಿ ದಾಟಿ ಬಂದಾಯ್ತು. ಈಗ ಚಕ್ರವರ್ತಿಗೆ ಗಂಡಂದಿರೂ ಬೇಕು. ಬೆನ್ನು ಕೆಟ್ಟೋರನ್ನ ಮಾತ್ರ ಬಿಡ್ತಾರೆ. ಗೋದೆ ನೋಡು, ಇದು ಗೊತ್ತಾಗಿದ್ದೇ ಬೆಳಿಗ್ಗೇನೇ ಕುಂಟ್ಕೊಂಡು ಬಂದು, ಸೊಂಟ ಹಿಡ್ಕೊಂಡಿದೆ ಅಂತ ತೋರ್ಸಿ ಹೋದ.”

 ಬೆವರಿ ಜ್ವರ ಬಿಟ್ಟಿದ್ದ ಅಜ್ಜಿ ಎದ್ದು ಬಂದು ತನ್ನ ಕಂಬಳಿಯನ್ನು ಫಿರ್ಮಿನ್‌ಗೆ ಹೊದಿಸಿದಳು. “ಹೋಗಿ ಬಾ ಮಗಾ” ಎಂದಳು.

ಆಮೇಲೆ ಮೇಯರ್ ಕಡೆ ತಿರುಗಿದಳು. “ಯಾರಾದ್ರೂ ನನ್ನ ಮನೆವರೆಗೆ ಬಿಡ್ರಪ್ಪಾ. ಆ ಕಪ್ಪು ಶಾಲು ತೆಗೆದು ಬಿಸಿಲಿಗೆ ಹಾಕ್ಬೇಕು.”