ಗೋಡೆಯ ಕೊನೆಯ ಮೊಳೆ

ಭದ್ರಾವತಿಯ ಹಳೆಯ ಹಾಕಿ ಕ್ಲಬ್ಬಿನ ‘ದಿಗ್ಗಜರ ಗೋಡೆ’ಯಲ್ಲಿ ಉಳಿದಿದ್ದುದು ಒಂದೇ ಮೊಳೆ. ಅದು ತಮ್ಮ ಫೋಟೋಗೇ ಎಂದು ಶಿವಮೊಗ್ಗದ ರವೀಂದ್ರನಗರದ ಪುಟ್ಟಪ್ಪ ತೀರ್ಮಾನಿಸಿಬಿಟ್ಟಿದ್ದರು. ಭದ್ರಾವತಿಯ ಕಾರ್ಖಾನೆಯ ತಂಡದಲ್ಲಿ ಆಡಿ ನಿವೃತ್ತರಾದವರು. ಆಯ್ಕೆ ಸಭೆಗೆ ಮೊದಲೇ ಗಾಂಧಿ ಬಜಾರಿನಲ್ಲಿ ತೇಗದ ಫ್ರೇಮ್ ಹಾಕಿಸಿದ್ದಾಯಿತು; ಹೆಂಡತಿ ಪುಷ್ಪಮ್ಮ ಬೀದಿಗೆಲ್ಲ ಡಂಗುರ ಹೊಡೆದದ್ದೂ ಆಯಿತು. ಇನ್ನು ಆಯ್ಕೆಯಾಗದೆ ಮರಳಿದರೆ ಮುಖ ತೋರಿಸುವಂತಿರಲಿಲ್ಲ.

ಎದುರಾಳಿ ಒಬ್ಬರೇ, ಬೇರೆ ತಂಡದಲ್ಲಿ ಆಡಿದ್ದ ನರಸಿಂಹಮೂರ್ತಿ.

“ತಂಡ ಗೆದ್ದ ಕಪ್‌ಗಳನ್ನ ಆಟಗಾರನ ಲೆಕ್ಕಕ್ಕೆ ಸೇರಿಸಬೇಕೋ ಬೇಡ್ವೋ? ಮೊದಲು ಅದನ್ನ ಹೇಳಿ,” ಎಂದರು ಅಧ್ಯಕ್ಷ ಶಿವಯೋಗಪ್ಪ.

“ಬೇಡವೇ ಬೇಡ!” ಪುಟ್ಟಪ್ಪ ಎದ್ದು ನಿಂತರು. “ಕಪ್ ಹನ್ನೊಂದು ಜನರದ್ದು. ಗೋಲು ಒಬ್ಬನದ್ದು.”

ಕಾರ್ಯದರ್ಶಿ ಸಮತಾ ಹಳೇ ಪುಸ್ತಕ ತೆಗೆದು ಓದಿದಳು. “ಮೂರ್ತಿ ಸಾರ್ ಅರವತ್ತೊಂದು ಗೋಲು. ನೀವು ಮೂವತ್ತೆಂಟು.”

ಪುಟ್ಟಪ್ಪ ಕೂತರು. ಮತ್ತೆ ಎದ್ದರು. “ಗೋಲು ಯಾರು ಬೇಕಾದ್ರೂ ಹೊಡೀತಾರೆ. ಕಪ್ ತರಬೇಕು ರೀ! ಇವನು ಒಂದಾದ್ರೂ ತಂದಿದಾನಾ?”

“ಈಗ ತಾನೆ ಗೋಲೇ ದೊಡ್ಡದು ಅಂದ್ಯಲ್ಲೋ ಮಾರಾಯ!” ಎಂದರು ನರಸಿಂಹಮೂರ್ತಿ.

“ಅದು ಆಗ.”

ಮಾತಿಗೆ ಮಾತು ಬೆಳೆಯಿತು. ಕ್ಲಬ್ಬಿನವರೆಲ್ಲ ಬಂದು ತಲೆ ಹಾಕಿದರು. ಎರಡನೇ ಸಲ ಟೀ ಬರುವ ಹೊತ್ತಿಗೆ ನರಸಿಂಹಮೂರ್ತಿ ಕಪ್‌ಗಳ ಪರವಾಗಿ, ಪುಟ್ಟಪ್ಪ ಗೋಲುಗಳ ಪರವಾಗಿ ಕೂಗುತ್ತಿದ್ದರು. ಪಕ್ಷ ಅದಲುಬದಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ತಲೆ ಕೆಟ್ಟ ಶಿವಯೋಗಪ್ಪ ಮೇಜು ಗುದ್ದಿದರು. “ಕಪ್ ಲೆಕ್ಕಕ್ಕಿದೆ, ಮುಗೀತು. ಗೋಲು ಲೆಕ್ಕಕ್ಕಿಲ್ಲ. ಇಬ್ಬರೂ ಸಹಿ ಹಾಕಿ.”

ಯಾವುದಕ್ಕೆ ಎಂದು ಖಾತ್ರಿಯಿಲ್ಲದೆಯೇ ನರಸಿಂಹಮೂರ್ತಿ ಸಹಿ ಹಾಕಿದರು. ಪುಟ್ಟಪ್ಪನಿಗೆ ಮಾತ್ರ ಕೊನೇ ಗಳಿಗೆಯಲ್ಲಿ ಎಲ್ಲ ಅರ್ಥವಾಗಿ ಹಿಗ್ಗೋ ಹಿಗ್ಗು; ಅವರೂ ಸಹಿ ಎಳೆದರು.

ಆದರೆ ಯಾವ ಕಪ್ಪಿನಲ್ಲಿ ಯಾರಿದ್ದರು? ಪಟ್ಟಿಗಳನ್ನು ಗೆದ್ದಲು ತಿಂದಿತ್ತು. ಉಳಿದಿದ್ದುದು ಗೆದ್ದ ದಿನದ ಗ್ರೂಪ್ ಫೋಟೋಗಳು. ವ್ಯಾನಿನಲ್ಲಿ ಬಂದವರೆಲ್ಲ ಆ ಫೋಟೋದಲ್ಲಿ ಇರಲೇಬೇಕು, ಅದು ಕಾರ್ಖಾನೆಯ ಪದ್ಧತಿ. ಸಮತಾ ಎಣಿಸಿದಳು. “ಪುಟ್ಟಪ್ಪ ಸಾರ್ ಐದರಲ್ಲಿದಾರೆ. ಆದ್ರೆ ಒಂಬತ್ತಕ್ಕೆ ಒಂಬತ್ತರಲ್ಲೂ ಕಪ್ ತಬ್ಕೊಂಡು ಮಧ್ಯ ಕೂತಿದಾರಲ್ಲ, ಇವರು ಯಾರು?”

“ಅದು ಹೊನ್ನಯ್ಯ! ವ್ಯಾನ್ ಡ್ರೈವರ್!” ಪುಟ್ಟಪ್ಪ ಕಿರುಚಿದರು.

“ಕಪ್ ಮಾತ್ರ ಲೆಕ್ಕ ಅಂತ ಸಹಿ ಹಾಕಿದೀರಿ ಸಾರ್,” ಎಂದಳು ಸಮತಾ.

ಶಿವಯೋಗಪ್ಪ ಹೊನ್ನಯ್ಯನಿಗೆ ಫೋನ್ ಮಾಡಿ ಸುದ್ದಿ ಹೇಳಿದರು. “ನಂಗೆ ಕೋಲು ಹಿಡಿಯೋಕೂ ಬರಲ್ಲ ಸಾರ್,” ಎಂದ ಹೊನ್ನಯ್ಯ. “ಆದ್ರೆ ನಾನಿಲ್ದೆ ಒಬ್ಬನೂ ಫೈನಲ್‌ಗೆ ಹೋಗಿಲ್ಲ ಬಿಡಿ.”

ಶಿವಯೋಗಪ್ಪ ಹೊನ್ನಯ್ಯನ ಹೆಸರನ್ನೇ ಬರೆಸಿದರು. ಹೊನ್ನಯ್ಯನ ಫೋಟೋ ಸಿಕ್ಕಿತು, ಫ್ರೇಮ್ ಇರಲಿಲ್ಲ. ಎಲ್ಲರೂ ಪುಟ್ಟಪ್ಪನ ಕಂಕುಳಲ್ಲಿದ್ದ ತೇಗದ ಫ್ರೇಮ್ ನೋಡಿದರು. ಅಳತೆ ಸರಿಹೋಯಿತು.

ತಮ್ಮ ಫೋಟೋವನ್ನು ಸುರುಳಿ ಸುತ್ತಿ ಹಿಡಿದು ಶಿವಮೊಗ್ಗದ ಬಸ್ ಹತ್ತಿದಾಗ ಪುಷ್ಪಮ್ಮನ ಫೋನ್ ಬಂತು. “ಗೋಡೆಗೆ ಹಾಕಿದ್ರೇನ್ರೀ?”

ಪುಟ್ಟಪ್ಪನಿಗೆ ಅಳು ಬರುವುದೊಂದು ಬಾಕಿ. “ಹ್ಞೂಂ… ನಮ್ಮ ಫ್ರೇಮ್ ಗೋಡೆ ಮೇಲಿದೆ ಕಣೇ.”

“ನಂಗೊತ್ತಿತ್ತು! ಭಾನುವಾರ ಬೀದಿಯವರೆಲ್ಲ ನೋಡೋಕೆ ಹೊರಟಿದೀವಿ. ನಿಮ್ಮ ಹೊನ್ನಯ್ಯನಿಗೇ ವ್ಯಾನ್ ಹೇಳಿದೀನಿ. ಪಾಪ, ಬಾಡಿಗೇನೇ ಬೇಡ ಅಂದ. ಅವನಿಗೂ ನೋಡಬೇಕಂತೆ!”