ಉದ್ದ ಸ್ವರಕ್ಕೆ ಹೆದರುವ ಯಂತ್ರ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಸಿಡಿಲಿಗೆ. ನಾನು ಹೆದರುವುದು ಮೈಕ್ ಕೂಗುವುದಕ್ಕೆ. ಸುಳ್ಯದಲ್ಲಿ ಇಪ್ಪತ್ತೈದು ವರ್ಷಗಳಿಂದ ಸೌಂಡ್ಸ್ ಅಂಗಡಿ ಇಟ್ಟುಕೊಂಡವನಿಗೆ ಈ ಭಯ ಇರಬಾರದು ಎಂದು ನೀವು ಹೇಳಬಹುದು. ಆದರೆ ಸಭೆಯಲ್ಲಿ ಮೈಕ್ ಒಮ್ಮೆ ‘ಕುಂಯ್’ ಎಂದರೆ ಸೇರಿದವರೆಲ್ಲ ತಿರುಗಿ ನೋಡುವುದು ಮೈಕನ್ನಲ್ಲ, ನನ್ನನ್ನು. ಊಟ ಚೆನ್ನಾಗಿದ್ದರೆ ಅಡುಗೆಯವರನ್ನು ಹುಡುಕಿಕೊಂಡು ಹೋಗಿ ಹೊಗಳುವವರಿದ್ದಾರೆ. ಸೌಂಡ್ ಚೆನ್ನಾಗಿತ್ತು ಎಂದು ಹೇಳಲು ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಮೇಜಿನ ಬಳಿಗೆ ಬಂದದ್ದಿಲ್ಲ. ಹಾಗಾಗಿ ಕಾರ್ಯಕ್ರಮದ ಹಿಂದಿನ ದಿನ ನನಗೆ ಅನ್ನ ಸೇರುವುದಿಲ್ಲ. ಹೆಂಡತಿ ಜುಬೈದಾ ಅದನ್ನು ಗಮನಿಸಿ ಆ ದಿನ ಅಕ್ಕಿಯನ್ನೇ ಕಡಿಮೆ ಹಾಕುತ್ತಾಳೆ.

ಮೈಕುಗಳ ಸ್ವರ ಕೂಡಿಸಿ ಹದಮಾಡುವ ಹಳೆಯ ಮಿಕ್ಸರ್ ಇದ್ದಷ್ಟು ದಿನ ಈ ಭಯಕ್ಕೆ ಒಂದು ಮದ್ದಿತ್ತು. ಅದರ ಇಪ್ಪತ್ತು ಮೂವತ್ತು ನಾಬುಗಳು ನನ್ನ ಬೆರಳಿಗೆ ಒಗ್ಗಿದ್ದವು. ಕೂಗು ಹುಟ್ಟುವ ಮೊದಲೇ ಕೈ ಅಲ್ಲಿಗೆ ಹೋಗುತ್ತಿತ್ತು. ಹೇಗೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಅದರೊಳಗೆ ಇರುವೆಗಳು ಸಂಸಾರ ಹೂಡಿ, ಕೊನೆಗೆ ಮಿಕ್ಸರ್ ಯಾವುದು ಇರುವೆಗೂಡು ಯಾವುದು ಎಂದು ತಿಳಿಯದ ಸ್ಥಿತಿ ಬಂದಾಗ ಡಿಜಿಟಲ್ ಮಿಕ್ಸರ್ ತರಬೇಕಾಯಿತು. ಇದರಲ್ಲಿ ನಾಬುಗಳೇ ಇಲ್ಲವೆನ್ನಬೇಕು. ಒಂದು ಪರದೆ, ಅದರ ಹಿಂದೆ ಇನ್ನೊಂದು ಪರದೆ, ಅದರ ಹಿಂದೆ ಮತ್ತೊಂದು. ಜೊತೆಗೆ ಬಂದ ಪುಸ್ತಕದಲ್ಲಿ ‘ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್’ ಎಂಬ ಮಾತು ಪುಟಕ್ಕೆ ನಾಲ್ಕು ಸಲ ಬರುತ್ತಿತ್ತು. ಮೂರು ವಾರ ಬಿಟ್ಟು ಕಡಬದಲ್ಲಿ ಒಂದು ತಾಳಮದ್ದಳೆ ಒಪ್ಪಿಕೊಂಡಿದ್ದೆ. ತಾಳಮದ್ದಳೆಯೆಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಹಾಡುವ ಪದ ಮತ್ತು ಆಡುವ ಮಾತು. ಕಿವಿಗೆ ಬೀಳುವುದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಸಾಲದ್ದಕ್ಕೆ ಅಲ್ಲಿ ಹಾಡುವ ಹಿರಿಯ ಭಾಗವತರು, ‘ಹಮೀದನ ಮೈಕ್ ಇದ್ದರೆ ಮಾತ್ರ ನಾನು ಬರುವುದು’ ಎಂದು ನನ್ನ ಹೆಸರು ಹಿಡಿದೇ ಕಾರ್ಯಕ್ರಮ ನಡೆಸುವ ಸಂಘದವರಿಗೆ ಹೇಳಿಬಿಟ್ಟಿದ್ದರು. ಈ ಭೂಮಿಯ ಮೇಲೆ ನನ್ನ ಕೆಲಸವನ್ನು ಮೆಚ್ಚಿದ ಮನುಷ್ಯ ಅವರೊಬ್ಬರೇ.

ಮಗಳು ನಸೀಮಾ ಪುತ್ತೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಅವಳ ಪುಸ್ತಕವನ್ನು ಗುಟ್ಟಾಗಿ ತೆರೆದು ನೋಡಿದೆ. ಹೆಡೆಯೆತ್ತಿದ ಹಾವಿನಂಥ ಒಂದು ಚಿಹ್ನೆ, ಅದರ ತಲೆಗೂ ಬುಡಕ್ಕೂ ಅಂಕಿಗಳು. ಎಂಟನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದಾಗ ಬರುತ್ತಿದ್ದ ಹೊಟ್ಟೆನೋವು, ಅಷ್ಟು ವರ್ಷ ಎಲ್ಲಿತ್ತೋ, ಸೀದಾ ಮರಳಿ ಬಂತು. ಕೊನೆಗೆ ಮಗಳಿಗೇ ಶರಣಾದೆ. ಲೆಕ್ಕ ಮಾತ್ರ ಇರಬಾರದು ಎಂಬುದು ನನ್ನ ಶರತ್ತು, ಹೇಳಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂಬುದು ಅವಳದು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ, ಅಪ್ಪನನ್ನು ಕರೆಯುವ ‘ಉಪ್ಪಾ’ ಒಂದನ್ನು ಬಿಟ್ಟು.

“ಉಪ್ಪಾ, ಪುತ್ತೂರಿಂದ ಬರುವಾಗ ನೀವು ಬಸ್ಸಲ್ಲಿ ನಿದ್ದೆ ಮಾಡ್ತೀರಲ್ಲ? ಒಂದೊಂದು ಸ್ಟಾಪಲ್ಲಿ ಕಣ್ಣು ಬಿಟ್ಟರೆ ದಾರಿ ಗೊತ್ತಾಗ್ತದೆ. ಪುತ್ತೂರಲ್ಲಿ ಮುಚ್ಚಿ ಸುಳ್ಯದಲ್ಲಿ ಬಿಟ್ಟರೆ ನಡುವೆ ಊರೇ ಇಲ್ಲ ಅಂತ ಕಾಣುದು. ಮಿಕ್ಸರ್ ಸ್ವರವನ್ನು ನೋಡುದು ಹಾಗೇ. ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಕಣ್ಣು ಬಿಡ್ತದೆ.” ಕೇಳಿಯೇ ನನಗೆ ಸುಸ್ತಾಯಿತು. ಆದರೆ ಅರ್ಥವಾಯಿತು, ಅದೇ ಆಶ್ಚರ್ಯ. ಮರುದಿನ ಇನ್ನೊಂದು ಪಾಠ. ಅವಳ ಉಮ್ಮ ಜುಬೈದಾ ಮದುವೆಮನೆಯಲ್ಲಿ ಸಾರು ಬಾಯಿಗಿಟ್ಟ ಕೂಡಲೇ ಕೊತ್ತಂಬರಿ ಹೆಚ್ಚು, ಹುಳಿ ಕಡಿಮೆ ಅಂತ ಬಿಡಿಸಿ ಹೇಳುತ್ತಾಳಲ್ಲ, ಯಂತ್ರವೂ ಒಂದು ಸ್ವರದಲ್ಲಿ ಯಾವ ಕಂಪನ ಎಷ್ಟುಂಟು ಎಂದು ಹಾಗೆಯೇ ಬಿಡಿಸುತ್ತದಂತೆ. ಬೇಡದ್ದನ್ನು ಮಾತ್ರ ತೆಗೆದುಹಾಕಿದರೆ ಅದು ಫಿಲ್ಟರ್. ಒಳಗಿನಿಂದ ಜುಬೈದಾ, “ಬೆಂದ ಸಾರಿಂದ ಉಪ್ಪು ತೆಗೆಯುವ ಫಿಲ್ಟರ್ ಉಂಟಾದರೆ ಮೊದಲು ಅದನ್ನು ತನ್ನಿ” ಎಂದಳು.

ಕೂಗಿನ ಪಾಠಕ್ಕೆ ಮಾತ್ರ ನಾನೇ ಉದಾಹರಣೆ ಕೊಟ್ಟೆ. ಇಲ್ಲಿ ಆಡಿದ ಮಾತು ಪಕ್ಕದ ಊರು ಜಾಲ್ಸೂರಿಗೆ ಹೋಗಿ, ಇಮ್ಮಡಿಯಾಗಿ ನಮ್ಮ ಕಿವಿಗೇ ಬಂದು, ನಾವು ಅದನ್ನು ಇನ್ನೂ ದೊಡ್ಡದು ಮಾಡಿ ತಿರುಗಿ ಕಳಿಸಿದ ಹಾಗೆ. ಸ್ಪೀಕರಿನ ಸ್ವರ ಮೈಕಿಗೇ ಹೊಕ್ಕು ಸುತ್ತುತ್ತದೆ. ಮಗಳು ಮೆಚ್ಚಿಕೊಂಡಳು. ಈ ಮಿಕ್ಸರಿನಲ್ಲಿ ಅದಕ್ಕೆ ‘ಆಟೋ’ ಎಂಬ ಬಟನ್ ಇದೆ, ಕೂಗು ಕೇಳಿಸಿದರೆ ತಾನೇ ಹಿಡಿದು ತಗ್ಗಿಸುತ್ತದೆ ಎಂದಳು. ಆಮೇಲೆ ಅವಳು ಇನ್ನೂ ಏನೋ ಹೇಳಿದಳು. ಕೈ ಬರೆಯುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಇಪ್ಪತ್ತೈದು ವರ್ಷಗಳ ಹೆದರಿಕೆಗೆ ಒಂದು ಬಟನ್ ಸಿಕ್ಕಿತ್ತು.

ತಾಳಮದ್ದಳೆಯ ಭಾನುವಾರ ಕಡಬದ ಸಭಾಂಗಣದಲ್ಲಿ ಆಟೋ ಬಟನ್ ಒತ್ತಿ, ಅದರ ಬಲವನ್ನು ಪರದೆಯ ಕೊನೆಯ ಗೆರೆಯವರೆಗೂ ಏರಿಸಿಟ್ಟೆ. ‘ಹಲೋ ಹಲೋ, ಮೈಕ್ ಚೆಕ್’ ಎಂದು ನೋಡಿದೆ, ಚೊಕ್ಕವಾಗಿತ್ತು. ಭಾಗವತರಿಗೂ ನನಗೂ ಹಳೆಯ ಸಂಜ್ಞೆಯೊಂದಿದೆ: ಅವರು ತೋರುಬೆರಳು ಎತ್ತಿದರೆ ಅವರ ಸ್ವರ ಅವರಿಗೇ ಕೇಳಿಸಲೆಂದು ಪಕ್ಕದಲ್ಲಿಟ್ಟ ಸ್ಪೀಕರಿಗೆ ಸ್ವಲ್ಪ ಹೆಚ್ಚು ಕೊಡಬೇಕು, ಅಂಗೈ ಮಗುಚಿದರೆ ಕಡಿಮೆ. ಮೊದಲ ಪದದಲ್ಲಿ ಅವರು ಸ್ವರ ಎಳೆದು ನಿಲ್ಲಿಸಿದಾಗ ಬೆರಳು ಎದ್ದಿತು. ಹೆಚ್ಚಿಸಿದೆ. ಎರಡನೆಯದರಲ್ಲಿ ಮತ್ತೆ ಎದ್ದಿತು. ಮತ್ತೆ ಹೆಚ್ಚಿಸಿದೆ. ಮೂರನೆಯದರಲ್ಲಿ ಎದ್ದ ಬೆರಳು ನನ್ನ ಕಡೆಗೆ ಬರದೆ ಅವರ ಗಂಟಲಿಗೆ ಹೋಯಿತು. ಅವರು ಸ್ವರವನ್ನು ಅರ್ಧಕ್ಕೇ ಬಿಟ್ಟು ಬಿಸಿನೀರು ಕೇಳಿದರು.

ನಡುವೆ ಚಹಾಕ್ಕೆ ಬಿಟ್ಟಾಗ ಅವರೇ ನನ್ನ ಮೇಜಿನ ಬಳಿಗೆ ಬಂದರು. “ನಿನ್ನ ತಪ್ಪೆಂತ ಇಲ್ಲ ಮಾರಾಯ. ಸ್ವರ ನಿಲ್ಲುದಿಲ್ಲ. ಎಳೆದರೆ ಜಾರಿ ಹೋಗ್ತದೆ. ಎಪ್ಪತ್ತೆರಡಾಯ್ತಲ್ಲ. ಇವತ್ತು ಮಂಗಳ ಹಾಡಿ ಸಂಘದವರಿಗೆ ಹೇಳಿಬಿಡುದು, ಇನ್ನು ನಾನಿಲ್ಲ ಅಂತ.” ನಾಚಿಕೆಯಿಂದ ಹೇಳುತ್ತೇನೆ, ಮೊದಲ ಕ್ಷಣ ನನಗಾದದ್ದು ಸಮಾಧಾನ. ಸದ್ಯ, ಮಿಕ್ಸರಿನದ್ದಲ್ಲ. ಆಮೇಲೆ ಪರದೆಯ ಕಡೆ ಕಣ್ಣು ಹೋಯಿತು. ಆಟೋ ಹಿಡಿದು ತಗ್ಗಿಸಿದ ಜಾಗಗಳಲ್ಲೆಲ್ಲ ಕೆಂಪು ಗುರುತು ಬೀಳುತ್ತದೆ. ಮೈಕ್ ಒಮ್ಮೆಯೂ ಕೂಗಿರಲಿಲ್ಲ, ಪರದೆಯಲ್ಲಿ ಮಾತ್ರ ಕೆಂಪು ಗುರುತುಗಳು ಸಾಲಾಗಿ ನಿಂತಿದ್ದವು. ಹೊರಗೆ ಓಡಿ ಮಗಳಿಗೆ ಫೋನ್ ಮಾಡಿದೆ.

“ಆಟೋ ಹಾಕಿದ್ದೀರಾ? ಒಂದೇ ಶ್ರುತಿಯಲ್ಲಿ ತುಂಬ ಹೊತ್ತು ನಿಂತ ಸ್ವರ ಅದಕ್ಕೆ ಕೂಗಿನ ಹಾಗೇ ಕಾಣುದು ಉಪ್ಪಾ. ಹೇಳಿದ್ದೆನಲ್ಲ.”

“ನೀನು ಹೇಳಲಿಲ್ಲ.”

“ಹೇಳಿದ್ದೆ.”

ವಾದ ಮನೆಯಲ್ಲಿ ಮಾಡೋಣ ಎಂದು ಫೋನ್ ಇಟ್ಟೆ. ಮತ್ತೆ ಒಳಗೆ ಹೋದೆ. ಸುಮ್ಮನೆ ಬಟನ್ ಆರಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸ್ವರ ತಾನಾಗಿ ಸರಿಯಾಯಿತು ಎಂದುಕೊಂಡಾರು. ಆದರೆ ಗಂಟಲಿನ ಮೇಲಿದ್ದ ಆ ಬೆರಳು ಕಣ್ಣ ಮುಂದಿನಿಂದ ಹೋಗಲಿಲ್ಲ.

“ಭಾಗವತರೇ, ಹೋದ್ದು ನಿಮ್ಮ ಸ್ವರ ಅಲ್ಲ. ಅದು ಅಲುಗಾಡದೆ ನಿಂತದ್ದೇ ಕಷ್ಟ ಆದದ್ದು. ಮೈಕ್ ಕೂಗುದು ಅಂತ ತಿಳಿದು ನನ್ನ ಮಿಷನ್ ಅದನ್ನು ತಗ್ಗಿಸಿದೆ. ಹೆದರಿ ಅದನ್ನು ಹಾಕಿಟ್ಟದ್ದು ನಾನು.”

ಅವರು ಚಹಾದ ಲೋಟವನ್ನು ಕೆಳಗಿಟ್ಟರು. ಬೈಗುಳಕ್ಕೆ ನಾನು ಸಿದ್ಧನಾಗಿ ನಿಂತೆ.

“ಅಲುಗಾಡದೆ ನಿಂತಿತ್ತಾ?”

“ನಿಂತಿತ್ತು.”

“ಮಿಷನೇ ಹೇಳಿದ್ದಾ?”

“ಮಿಷನೇ.”

“ಹ್ಞಾಂ,” ಎಂದು ಶಾಲು ಸರಿಮಾಡಿಕೊಂಡು ವೇದಿಕೆಗೆ ಹೋದರು.

ಆಟೋ ಆರಿಸಿ, ಬೆರಳನ್ನು ಪರದೆಯಲ್ಲಿ ಅವರ ಮೈಕಿನ ಗೆರೆಯ ಮೇಲಿಟ್ಟು ಕುಳಿತೆ. ಅವರು ಸ್ವರ ಎತ್ತಿದರು. ಎಳೆದರು. ಇನ್ನೂ ಎಳೆದರು. ನನ್ನ ಉಸಿರು ಮುಗಿಯಿತು, ಅವರದು ಮುಗಿಯಲಿಲ್ಲ. ಕೊನೆಯಲ್ಲಿ ಮೈಕ್ ಒಮ್ಮೆ ‘ಕುಂಯ್’ ಎಂದೇಬಿಟ್ಟಿತು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಭಾಗವತರೂ ನೋಡಿದರು, ನೋಡಿ, ತೋರುಬೆರಳು ಎತ್ತಿ ಇನ್ನೂ ಸ್ವಲ್ಪ ಹೆಚ್ಚು ಕೇಳಿದರು. ಮಂಗಳ ಹಾಡಿದ ಮೇಲೆ ಅವರು ಸಂಘದವರೊಡನೆ ಮಾತಾಡಿದ್ದು ಮುಂದಿನ ತಾಳಮದ್ದಳೆಯ ದಿನದ ಬಗ್ಗೆ.

ಮನೆಗೆ ಬಂದವನೇ ಮಗಳನ್ನು ಸೋಲಿಸುವ ಉತ್ಸಾಹದಲ್ಲಿ ನೋಟ್ ಪುಸ್ತಕ ತೆರೆದೆ. ಬಸ್ಸು, ಸಾರು, ಜಾಲ್ಸೂರು. ಜಾಲ್ಸೂರಿನ ಕೆಳಗೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಉದ್ದ ಸ್ವರ ಹಾಡುವವರಿದ್ದರೆ ಆಟೋ ಹಾಕಬಾರದು.’ ಅಡಿಯಲ್ಲಿ ಎರಡು ಗೆರೆ ಬೇರೆ ಎಳೆದಿದ್ದೆ.

“ಪುಸ್ತಕದಲ್ಲಿ ಉಂಟಾ ಉಪ್ಪಾ?” ಎಂದು ನಸೀಮಾ ಅಡುಗೆಮನೆಯಿಂದ ಕೇಳಿದಳು.

ಒಂದು ದಿನಕ್ಕೆ ಒಂದು ತಪ್ಪೊಪ್ಪಿಗೆ ಸಾಕು ಎನಿಸಿತು. “ಇಲ್ಲ,” ಎಂದು ಪುಸ್ತಕ ಮುಚ್ಚಿದೆ.