ಗಣಿತದ ಸರ್ ಗಾಡಿಗೆ ಒಂದು ಕೊಳವಿಯೋ, ಎರಡೋ

ಸೈಲೆನ್ಸರ್ ಅಂಗಡಿ ಇಟ್ಟವನ ಬಾಳಿನ್ಯಾಗ ಸೈಲೆಂಟ್ ಆಗಿ ಒಂದೂ ನಡೆಯೂದಿಲ್ರಿ. ಬೀದರಿನ್ಯಾಗ ಮೈಲೂರ ಕಡಿಂದ ಗಾಂಧಿ ಗಂಜ್ ಬಜಾರಕ್ಕ ಹೋಗೂ ದಾರ್ಯಾಗ ನಂದೊಂದು ಸಣ್ಣ ವೆಲ್ಡಿಂಗ್ ಅಂಗಡಿ ಅದ. ಇಪ್ಪತ್ತೆರಡು ವರ್ಷ ಆಯ್ತು, ಗಾಡಿಗಳ ಹೊಗಿ ಕೊಳವಿ ಕೊಯ್ಯೂದು, ಬಗ್ಗಸೂದು, ಬೆಸಗಿ ಹಾಕೂದು, ಇದೇ ನನ್ನ ಕೆಲಸ. ಲಾರಿ, ಟ್ರ್ಯಾಕ್ಟರ್, ಆಟೋ ಎಲ್ಲಾ ನನ್ನ ಬಲ್ಲಿ ಬಂದು ಕೆಮ್ಮಿ ಹೋಗ್ಯಾವ. ನನ್ನ ಹೆಂಡತಿ ಅಂತಾಳ, "ಊರ ಗಾಡಿ ಬಾಯಿ ಎಲ್ಲಾ ಮುಚ್ಚಸ್ತೀರಿ, ನಿಮ್ಮ ಬಾಯಿಗೆ ಯಾವಾಗ ಹಚ್ಚತೀರಿ ಸೈಲೆನ್ಸರ್?" ಈ ಕತಿ ಕೇಳಿದ್ರ ಆಕಿ ಮಾತು ಖರೇ ಅಂತ ನಿಮಗೂ ಅನಸ್ತದ.

೧. ನೋಟ್‌ಬುಕ್ ತಂದ ಸರ್

ಹೋದ ವರ್ಷ ಒಂದಿನ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಅಂಗಡಿ ಮುಂದ ಬಂದು ನಿಂತಿತು. ಎರಡೇ ಬಾಗಲಾ, ನೆಲಕ್ಕ ಹೊಟ್ಟಿ ಹತ್ತೂ ಅಷ್ಟು ಗಿಡ್ಡ. ಇಂಥಾ ಗಾಡಿ ನನ್ನ ಅಂಗಡಿಗೆ ಬಂದದ್ದು ಅದೇ ಮೊದಲ. ಒಳಗಿಂದ ಇಳಿದವ್ರು ಕಾಲೇಜಿನ್ಯಾಗ ಗಣಿತ ಕಲಸೂ ಸರ್. ವಯಸ್ಸು ನಲವತ್ತೊಂದು, ಲಗ್ನ ಆಗಿದ್ದಿಲ್ಲ. ಹತ್ತು ವರ್ಷ ಆಸಿಪಟ್ಟು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಂದಿದ್ರು. ಅದರ ಸೈಲೆನ್ಸರ್ ಪೂರಾ ತೂತು ಬಿದ್ದಿತ್ತು.

"ಹೊಸಾದು ಹಾಕ್ರಿ ಮೇಸ್ತ್ರಿ. ಆದ್ರ ಸಿಂಗಲ್ ಹಾಕೂದೋ ಡಬಲ್ ಹಾಕೂದೋ ತಿಳಿವಲ್ದು. ನಾಲ್ಕು ತಿಂಗಳಿಂದ ವಿಚಾರ ಮಾಡ್ಲತೀನಿ" ಅಂತ ಒಂದು ನೋಟ್‌ಬುಕ್ ತಗದ್ರು. ಎಡಗಡಿ ಪುಟದಾಗ ಸಿಂಗಲ್, ಬಲಗಡಿ ಪುಟದಾಗ ಡಬಲ್. ಎರಡೂ ಕಡಿ ಬರೋಬ್ಬರಿ ಹದಿನಾಲ್ಕು ಕಾರಣ ಬರದಿದ್ರು.

ಸರ್‌ಗೆ ಅವಸರಾನೂ ಇತ್ತು. ಭಾಲ್ಕಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಅಲ್ಲೇ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸೂ ಟೀಚರ್. ಫೋಟೋ ನೋಡೇ ಸರ್ ಮನಸ್ಸು ಕೊಟ್ಟುಬಿಟ್ಟಿದ್ರು. ಮುಂದಿನ ವಾರ ಹುಡುಗಿ ನೋಡ್ಲಿಕ್ಕೆ ಈ ಗಾಡ್ಯಾಗೇ ಹೋಗಬೇಕಂತ ಅವರ ಆಸಿ. ಹಿಂದ ಬಂದ ಸಂಬಂಧ ಎಲ್ಲಾ ಇವರು ವಿಚಾರ ಮಾಡೂದ್ರಾಗೇ ತಪ್ಪಿದ್ದವು. ಒಂದು ಹುಡುಗಿ ನೋಡಿ ಬಂದು "ವಿಚಾರ ಮಾಡಿ ಹೇಳ್ತೇನಿ" ಅಂದವ್ರು, ಹೇಳ್ಲಿಕ್ಕೆ ಹೋಗೂದ್ರೊಳಗ ಆ ಹುಡುಗಿ ಕೂಸಿನ ತೊಟ್ಟಲಾ ಕಟ್ಟಿದ್ರಂತ. ಸರ್ ಆ ತೊಟ್ಟಲ ಊಟಾನೇ ಉಂಡು ಬಂದಾರ.

"ಇದೊಂದು ತಪ್ಪಿದ್ರ ನನ್ನ ಕತಿ ಮುಗೀತ್ರಿ ಮೇಸ್ತ್ರಿ" ಅಂದ್ರು ಸರ್. ಆ ಮುಖ ನೋಡಿ ನನಗೂ ಕರುಳು ಚುರ್ ಅಂತು. ಅದಕ್ಕ ಕೂಡಿಸಿ ಬಿಡಿಸಿ ಹೇಳ್ದೆ.

"ಸರ್, ಇಂಜಿನ್ ಎರಡು ಮಗ್ಗಲಾಗಿ ಇದ್ರ, ಆರೋ ಎಂಟೋ ಸಿಲಿಂಡರ್ ಇದ್ರ, ಒಂದೊಂದು ಮಗ್ಗಲಕ್ಕ ಒಂದೊಂದು ಕೊಳವಿ ಬೇಕ್ರಿ. ಅದು ಖರೇ ಡಬಲ್. ನಿಮ್ಮದು ನಾಲ್ಕೇ ಸಿಲಿಂಡರ್, ಒಂದೇ ಸಾಲು. ಸಿಂಗಲ್ ಹಗುರ, ದುರಸ್ತಿ ಕಮ್ಮಿ. ನಿಮ್ಮ ಗಾಡಿಗೆ ಡಬಲ್ ಅಂದ್ರ ಬರೇ ಶೋಕಿ."

ಸರ್ ಒಂದಕ್ಷರ ಬಿಡದಂಗ ಬರಕೊಂಡ್ರು. ಕೆಳಗ ಸ್ಕೇಲ್ ಇಟ್ಟು ಗೆರಿ ಎಳದ್ರು. ಪೆನ್ನಿನ ಟೋಪಿ ಮುಚ್ಚಿ ನನ್ನ ಮುಖಾ ನೋಡಿ ಕೇಳಿದ್ರು, "ಬೇಷ್ ಹೇಳಿದ್ರಿ ಮೇಸ್ತ್ರಿ. ಹಂಗಾದ್ರ ಸಿಂಗಲ್ಲೋ, ಡಬಲ್ಲೋ?"

೨. ಔರಾದಿನವರ ಸಲಹಾ

ಅದೇ ಹೊತ್ತಿಗೆ ಔರಾದಿನ ರೈತರೊಬ್ಬರು ಟ್ರ್ಯಾಕ್ಟರಿನ ಸೈಲೆನ್ಸರ್ ಬೆಸಗಿ ಹಾಕಸ್ಲಿಕ್ಕೆ ಬಂದು ಬೆಂಚಿನ ಮ್ಯಾಲ ಕೂತಿದ್ರು. ಮನಿತುಂಬ ಎತ್ತು ಸಾಕಿದ ಹಿರಿ ಮನಶ್ಯಾ. ನಮ್ಮ ಮಾತು ಕೇಳಿ ಕೇಳಿ ಅವರಿಗೆ ತಡಕೊಳ್ಳೂದು ಆಗಲಿಲ್ಲ.

"ಸರ್, ನಿಮ್ಮ ಗಾಡಿಗೆ ಎಷ್ಟು ಕುದುರಿ ಶಕ್ತಿ ಅದ?" ಅಂತ ಕೇಳಿದ್ರು.

"ನೂರಾ ಐವತ್ತು ಕುದುರಿ ಶಕ್ತಿ ಅದ್ರಿ" ಅಂದ್ರು ಸರ್, ಎದಿ ಉಬ್ಬಿಸಿ.

ರೈತರು ಎದ್ದು ಹೋಗಿ ಗಾಡಿ ಹಿಂದ ಬಗ್ಗಿ ನೋಡಿದ್ರು. ಎತ್ತು ಕೊಳ್ಳೂವಾಗ ನೋಡ್ತಾರಲ್ಲ, ಹಂಗೇ, ಒಮ್ಮಿ ಬೆನ್ನ ಮ್ಯಾಲ ಕೈ ಆಡಿಸೇ ನೋಡಿದ್ರು. ಆಮ್ಯಾಲ ನನ್ನ ಕಡಿ ಹೊಳ್ಳಿ ಬೈದ್ರು, "ಮೇಸ್ತ್ರಿ, ನಿನಗ ಜರಾನಾದ್ರೂ ಕನಿಕರ ಅದನೋ ಇಲ್ಲೋ? ನೂರಾ ಐವತ್ತು ಕುದುರಿ ಮುಂದ ಕಟ್ಟೀರಿ, ಲದ್ದಿ ಹಾಕ್ಲಿಕ್ಕೆ ಹಿಂದ ಒಂದೇ ಬಾಗಲಾ?"

ನಾ ನಕ್ಕುಬಿಟ್ಟೆ. ಸರ್ ಮಾತ್ರ ನೋಟ್‌ಬುಕ್ ಮುಚ್ಚಿಬಿಟ್ರು.

"ಇದು ಹದಿನೈದನೇ ಕಾರಣ ಮೇಸ್ತ್ರಿ. ಡಬಲ್ಲೇ ಹಾಕ್ರಿ!"

೩. ಮ್ಯಾಲ ನೋಡೂ ಮಂದಿ

ಗಿರಾಕಿ ಹೇಳಿದ ಮ್ಯಾಲ ನಾವೇನ್ ಮಾಡೂದ್ರಿ. ಹಿಂದ ಕೊಳವಿ ಕವಲು ಒಡಸಿ ಎಡಕ್ಕೊಂದು ಬಲಕ್ಕೊಂದು ಬಾಯಿ ಇಟ್ಟೆ. "ಆವಾಜ್ ಜರಾ ಖಡಕ್ ಇರ್ಲಿ, ಮಂದಿ ಹೊಳ್ಳಿ ನೋಡಬೇಕು" ಅಂದಿದ್ರು ಸರ್. ಇಟ್ಟೆ ನೋಡ್ರಿ ಖಡಕ್! ಚಾಲೂ ಮಾಡಿದ್ರ ನನ್ನ ಅಂಗಡಿ ಮ್ಯಾಲಿನ ತಗಡಿನ ಪತ್ರಾಸ ಗಡಗಡ ಅಂದವು. ಇಬ್ಬರೂ ಕೂತು ಗಾಂಧಿ ಗಂಜಿಗೆ ಒಂದು ಸುತ್ತು ಹೊಂಟಿವಿ.

ಈಗ ನಮ್ಮ ಬೀದರಿನ ಮಂದಿ ಬಗ್ಗೆ ಒಂದು ಮಾತು. ನಮ್ಮೂರ ಮ್ಯಾಲ ದಿನಾ ಟ್ರೇನಿಂಗ್ ವಿಮಾನ ಹಾರತಾವ. ತೊಟ್ಟಲ ಕೂಸಿಗೂ ಆ ಸಪ್ಪಳ ರೂಢಿ. ದೊಡ್ಡ ಆವಾಜ್ ಕಿವಿಗೆ ಬಿತ್ತಂದ್ರ ನಾವು ಹಿಂದ ನೋಡೂದಿಲ್ಲ, ಮುಂದ ನೋಡೂದಿಲ್ಲ, ಸೀದಾ ಮ್ಯಾಲ ನೋಡ್ತೇವಿ.

ಗಂಜಿನ್ಯಾಗ ಸರ್ ಆಕ್ಸಿಲರೇಟರ್ ಒತ್ತಿದ್ರು. ವ್ಯಾಪಾರಿಗಳು, ಅಡತಿಯವರು, ಕೈಗಾಡಿಯವರು, ಎಲ್ಲಾರೂ ಒಮ್ಮೆಲೇ ಮುಖ ಎತ್ತಿ ಆಕಾಶ ನೋಡ್ಲಿಕ್ಕೆ ಹತ್ತಿದ್ರು. ಕೆಂಪು ಗಾಡಿ ಕಡಿ ಒಂದು ಕಣ್ಣು ಸುದ್ದಾ ಬೀಳ್ಲಿಲ್ಲ. ಮಾಳಗಿ ಮ್ಯಾಲ ಒಬ್ಬ ಅಜ್ಜಿ, "ಏ, ಇವತ್ತ ಭಾಳ ಕೆಳಗ ಬಂದಾವ್ರೇ!" ಅಂತ ಒಣಗಸಿದ ಹಪ್ಪಳಾ ಬಳಕೊಂಡು ಒಳಗ ಓಡಿದಳು.

ಸರ್ ಮುಖ ಸಣ್ಣದಾಯ್ತು. ತೊಗರಿ ಚೀಲ ಹೊತ್ತ ಹಮಾಲ ಒಬ್ಬ ನಮ್ಮ ಎದುರಿಗೇ ಮ್ಯಾಲ ನೋಡ್ಕೋತ ನಿಂತಿದ್ದ. ಸರ್ ಕಿಟಕಿ ಇಳಿಸಿ, "ಇತ್ಲಾಕಡಿ ನೋಡಪಾ" ಅಂದ್ರು.

ಅಂವ ಅವಸರಲೆ ಕೈ ಬೀಸಿದ. "ಗಾಡಿ ಬಾಜೂಕ್ಕ ತಗೋರಿ ಸರ್, ಲಗೂನ! ವಿಮಾನ ಇಲ್ಲೇ ಇಳೀಲತದ!"

೪. ಎರಡು ವರ್ಷಕ್ಕ ಜಂಗ್

ಸರ್ ಉತ್ಸಾಹ ಠುಸ್ ಅಂತು. "ಡಬಲ್ ಇಡೂದೋ ಬಿಡಸೂದೋ ನೀವೇ ವಿಚಾರ ಮಾಡಿ ಮನಿಗೆ ಫೋನ್ ಮಾಡ್ರಿ ಮೇಸ್ತ್ರಿ" ಅಂತ ಗಾಡಿ ತಗೊಂಡು ಹೋದ್ರು. ಇಲ್ಲೇ ನೋಡ್ರಿ ನನ್ನ ಬಾಯಿ ನನಗ ಕೈ ಕೊಟ್ಟಿದ್ದು.

ಮರುದಿನ ಫೋನ್ ಮಾಡಿದ್ರ ಸರ್ ತಾಯಿ ಎತ್ತಿದ್ರು. ಕಿವಿ ಜರಾ ಮಂದ. ನಾ "ಮೇಸ್ತ್ರಿ ಮಾತಾಡ್ಲತೀನ್ರಿ" ಅಂದೆ. ಅವರಿಗೆ "ಮಾಸ್ತರ" ಅಂತ ಕೇಳಸ್ತು. ಭಾಲ್ಕಿ ಸಂಬಂಧ ತಂದವರೂ ಒಬ್ಬ ರಿಟೈರ್ಡ್ ಮಾಸ್ತರರೇ. ನನಗೇನ್ ಗೊತ್ತು? ನಾ ನನ್ನ ಪಾಡಿಗೆ ಶುರು ಮಾಡ್ದೆ.

"ಸರ್‌ಗೆ ಹೇಳ್ರಿ ಅವ್ವಾರ, ಸಿಂಗಲ್ಲೇ ಚಲೋ. ಡಬಲ್ ಮಾಡಿಕೊಂಡ್ರ ಬರೇ ಗದ್ಲ, ಓಣ್ಯಾಗ ಮರ್ಯಾದಿ ಹೋಗ್ತದ. ಎರಡು ವರ್ಷ ತುಂಬೂದ್ರೊಳಗ ಜಂಗ್ ಶುರು ಆಗ್ತದ. ಭಾಲ್ಕಿಗೆ ಹೋಗೂ ಮುಂಚೇನೇ ಬಿಡಿಸಿಬಿಡೂಣು."

ನಮ್ಮ ಕಡಿ ತುಕ್ಕಿಗೂ ಜಂಗ್ ಅಂತೇವಿ, ಯುದ್ಧಕ್ಕೂ ಜಂಗ್ ಅಂತೇವಿ. ಅವ್ವಾರು "ಅಯ್ಯ ಶಿವನೇ!" ಅಂದು ಫೋನ್ ಇಟ್ರು. ಕೊಳವಿಗೆ ತುಕ್ಕು ಹಿಡೂದಕ್ಕ ಇಷ್ಟು ಮರುಗ್ತಾರಲ್ಲ, ಎಂಥಾ ದೊಡ್ಡ ಮನಸ್ಸು ಅಂತ ನಾ ಅಂದುಕೊಂಡೆ.

ಸಂಜಿಮುಂದ ಸರ್ ತಾಯಿನ್ನ ಕರಕೊಂಡು ಅಂಗಡಿಗೆ ಬಂದ್ರು. ಮುಖದಾಗ ಕಳಾ ಇಲ್ಲ. "ಮೇಸ್ತ್ರಿ, ನನ್ನ ಲಗ್ನ ಮುರೀತು. ಅವ್ವ ಭಾಲ್ಕಿಗೆ ಫೋನ್ ಮಾಡಿ, ನಮ್ಮ ಹುಡುಗ ಸಿಂಗಲ್ಲೇ ಇರ್ತಾನ ಅಂತ ಹೇಳಿಬಿಟ್ಟಾಳ. ಯಾರೋ ಮಾಸ್ತರ ಫೋನ್ ಮಾಡಿ ಏನೇನೋ ತಲಿ ತುಂಬ್ಯಾನ."

ಆ ಮಾಸ್ತರ ನಾನೇ ಅಂತ ಆಗ ಹೊಳೀತು ನೋಡ್ರಿ. ನಲವತ್ತೊಂದು ವರ್ಷಕ್ಕ ಮನಸ್ಸು ಕೂಡಿದ ಒಂದು ಸಂಬಂಧ, ಅದಕ್ಕ ನಾ ಗ್ಯಾಸ್ ಕಟರ್ ಹಿಡಿದಿದ್ದೆ. ಹಣಿ ಹಣಿ ಬಡಕೊಂಡು ಅವ್ವಾರ ಕಿವ್ಯಾಗ ಒದರಿದೆ, "ಮಾಸ್ತರ ಅಲ್ರಿ, ಮೇಸ್ತ್ರಿ! ನಾನೇರಿ! ಜಂಗ್ ಹಿಡಿಯೂದು ಕೊಳವಿಗ್ರಿ!"

ಅವ್ವಾರು ನನ್ನ ಕೆಳಗಿಂದ ಮ್ಯಾಲತನಕ ನೋಡಿದ್ರು. "ನಿನ್ನ ಕೊಳವಿಗೆ ಜಂಗ್ ಹಿಡಿದ್ರ ಎಣ್ಣಿ ಹಚ್ಚು. ನನ್ನ ಮಗನ ಲಗ್ನ ಯಾಕ ಬಿಡಸ್ತಿ?"

೫. ಭಾಲ್ಕಿಯ ಸಿಲಿಂಡರ್

ಮುರಿದವನೇ ಬೆಸಗಿ ಹಾಕಬೇಕಲ್ರಿ. ಮರುದಿನಾನೇ ಆ ಗಾಡ್ಯಾಗೇ ಭಾಲ್ಕಿಗೆ ಹೊಂಟಿವಿ. ಮುಂದ ಸರ್ ಮತ್ತ ತಾಯಿ, ಹಿಂದಿನ ಸಂದ್ಯಾಗ ನಾನು, ಮೊಣಕಾಲು ಕಿವಿಗೆ ಹಚ್ಚಿಕೊಂಡು. ಹುಡುಗಿ ತಂದಿ ಸಮಾಧಾನದ ಮನಶ್ಯಾ. ಪಡಸಾಲ್ಯಾಗ ಕೂಡಿಸಿ, ನನ್ನ ಮಾತು ಪೂರಾ ಕೇಳಿ, "ಓಹೋ, ಗಾಡಿ ಮಾತಿತ್ತೇನು!" ಅಂತ ನಕ್ಕರು. ಹುಡುಗಿ ಬಾಗಲದಾಗ ನಿಂತು ಎಲ್ಲಾ ಕೇಳಿಸಿಕೊಂಡಳು. ಹುಡುಗಿ ತಾಯಿ ಮಾತ್ರ ಅಡಗಿ ಮನ್ಯಾಗಿದ್ರು. ಅವರಿಗೆ ಇದೊಂದೂ ಗೊತ್ತಿಲ್ಲ.

ಆ ತಾಯಿ ಚೂಡಾದ ತಾಟ ಹಿಡಕೊಂಡು ಹೊರಗ ಬಂದ್ರು. ಮಗಳನ್ನ ಕೊಡೂ ತಾಯಿ, ಮನಿ ಒಲಿ ಬಗ್ಗೆ ಕೇಳೂದೇ. "ಸಿಲಿಂಡರ್ ಎಷ್ಟವ್ರಿ ನಿಮ್ದು? ಒಂದೋ, ಎರಡೋ?"

ಸರ್‌ಗೆ ಮೊದಲೇ ಅಂಜಿಕಿ, ತಲಿತುಂಬ ಗಾಡಿ. ಎದ್ದು ನಿಂತು ಹೇಳಿದ್ರು, "ನಾಲ್ಕವ್ರಿ!"

"ನಾಲ್ಕಾ! ಇಬ್ಬರಿಗೆ?"

"ಇಬ್ಬರೇ ಆರಾಮ ಕೂಡೂದು ಖರೇ, ಆದ್ರ ನಾಲ್ಕು ಬೇಕ್ರಿ. ಮುಂದೇ ಅವ, ಒಂದೇ ಸಾಲಿಗೆ. ಒಂದಾದ ಮ್ಯಾಲ ಒಂದು ಬೆಂಕಿ ಹತ್ತತಾವ, ನಿಮಿಷಕ್ಕ ಸಾವಿರಾರು ಸಲ."

ಆ ತಾಯಿ ತಾಟ ಕೆಳಗಿಟ್ಟು ಎರಡು ಹೆಜ್ಜಿ ಹಿಂದ ಸರದ್ರು. ಸರ್ ಧೈರ್ಯ ಹೇಳಿದ್ರು, "ಅಂಜಬ್ಯಾಡ್ರಿ. ಹೊಗಿ ಎಲ್ಲಾ ಹಿಂದ ಹೋಗ್ತದ. ಅದಕ್ಕ ಒಂದು ಕೊಳವಿ ಇಡೂದೋ, ಎರಡು ಇಡೂದೋ ಅಂತ ನಾಲ್ಕು ತಿಂಗಳಿಂದ ವಿಚಾರ ಮಾಡ್ಲತೀನಿ."

"ನಾಲ್ಕು ತಿಂಗಳಿಂದ ಹೊಗ್ಯಾಗೇ ಕೂತೀರಾ?" ಅಂತ ಆ ತಾಯಿ ಸರ್ ಅವ್ವಾರ ಕಡಿ ಹೊಳ್ಳಿದ್ರು. "ಅಕ್ಕಾರ, ನೀವರ ಒಂದು ಮಾತು ಹೇಳಬಾರದೇನ್ರಿ?"

ಅವ್ವಾರು ನಿಟ್ಟುಸಿರು ಬಿಟ್ರು. "ಹೇಳಿ ಹೇಳಿ ಸಾಕಾಗ್ಯಾದವ್ವ. ಮುಂಜಾನಿ ಚಾಲೂ ಮಾಡಿದ್ನಂದ್ರ ಓಣಿಗೋಣಿನೇ ನಡಗ್ತದ."

ಬಾಗಲದಾಗ ನಿಂತ ಹುಡುಗಿ ಇಷ್ಟೊತ್ತು ಸೆರಗು ಬಾಯಿಗೆ ಹಿಡಿದಿದ್ದಳು. ಇನ್ನ ತಡೀಲಿಲ್ಲ, ಕಿಸಕ್ ಅಂತ ನಕ್ಕಳು. ನಕ್ಕೋತ ಹೊರಗ ಬಂದು ಸರ್ ಎದುರಿಗೇ ಹೇಳಿದಳು, "ನಾಲ್ಕು ಸಿಲಿಂಡರಿಗೆ ಒಂದೇ ಕೊಳವಿ ಸಾಕ್ರಿ. ಎರಡು ಬ್ಯಾಡ."

"ಆಯ್ತ್ರಿ" ಅಂದ್ರು ಸರ್. ಅಷ್ಟೇ. ನಾಲ್ಕು ತಿಂಗಳ ವಿಚಾರ ಒಂದು ಉಸಿರಿನ್ಯಾಗ ಮುಗೀತು.

ತಂದಿ ಮಗಳ ಮುಖಾ ನೋಡಿದ್ರು. "ಏನಂತಿ ತಂಗಿ?"

"ಒಂದು ಕೊಳವಿಗೇ ಇಷ್ಟು ವಿಚಾರ ಮಾಡೂ ಮನಶ್ಯಾ, ನನ್ನ ಕೇಳ್ದಂಗ ಏನೂ ಮಾಡೂದಿಲ್ಲಪ್ಪ. ನನಗ ಒಪ್ಪಿಗಿ ಅದ."

ಸರ್ ಕಣ್ಣಾಗ ನೀರು ಬಂತು. ಖರೇ ಹೇಳ್ತೇನಿ, ನನಗೂ ಬಂತು. ಎಲ್ಲಾರ ಕೈಗೂ ಸಕ್ಕರಿ ಬಿತ್ತು. ಹುಡುಗಿ ತಾಯಿ ಮಾತ್ರ ಸಕ್ಕರಿ ಮುಷ್ಟ್ಯಾಗೇ ಹಿಡಕೊಂಡು, ಸರ್ ಅವ್ವಾರನ್ನ ಬಾಜೂಕ್ಕ ಕರದು, ಗಟ್ಟಿಯಾಗೇ ಹೇಳಿದ್ರು, "ಹುಡುಗ ನಮಗೂ ಪಸಂದ್ ಇದ್ದಾನ್ರಿ ಬೀಗತಿ. ಆದ್ರ ಈಗೇ ಹೇಳಿರ್ತೇನಿ, ನನ್ನ ಮಗಳು ಅಡಗಿ ಕಟ್ಟಿಗಿ ಒಲಿ ಮ್ಯಾಲೇ ಮಾಡ್ತಾಳ. ಆ ನಾಲ್ಕು ಸಿಲಿಂಡರ್ ನಿಮ್ಮ ಮಗಾನೇ ಹಚ್ಚಿಕೊಳ್ಳಲಿ!"